ಪಿಕಪ್‌ನ ಎಡಗಡೆಯ ಫುಟ್‌ಬೋರ್ಡ್ ಮಾತ್ರ ತುಕ್ಕು ತಿಂದಿದೆ: ಬಣ್ಣ ಬಳಿಯಲೇ, ಬದಲಿಸಲೇ?

ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಡಬಲ್ ಕ್ಯಾಬ್ ಪಿಕಪ್. ಗಾಡಿ ಕೊಂಡ ವರ್ಷವೇ ಎರಡೂ ಬದಿಗೆ ಮೂರಿಂಚಿನ ಕಬ್ಬಿಣದ ಪೈಪಿನ ಫುಟ್‌ಬೋರ್ಡ್ ಹಾಕಿಸಿದ್ದೆ. ಕಪ್ಪು ಪೌಡರ್ ಕೋಟಿಂಗ್, ಕಾಲಿಡುವ ಜಾಗದಲ್ಲಿ ಎರಡೆರಡು ಪ್ಲಾಸ್ಟಿಕ್ ಪಟ್ಟಿ, ಒಂದೊಂದಕ್ಕೂ ಮೂರು ಬ್ರಾಕೆಟ್. ಷೋಕಿಗಾಗಿ ಹಾಕಿಸಿದ್ದಲ್ಲ. ಅಮ್ಮನಿಗೆ 76 ವರ್ಷ, ಎರಡೂ ಮಂಡಿ ಹಿಡಿದುಕೊಂಡಿವೆ. ಫುಟ್‌ಬೋರ್ಡ್ ಇಲ್ಲದಿದ್ದರೆ ಅವರು ಪೇಟೆಯ ಮುಖ ನೋಡುವ ಹಾಗಿಲ್ಲ.

ಕಳೆದ ಭಾನುವಾರ ಗಾಡಿ ತೊಳೆಯುವಾಗ ನೋಡುತ್ತೇನೆ, ಎಡಗಡೆಯ ಪೈಪಿನ ಹಿಂತುದಿಯಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿದೆ. ಉಗುರಿನಲ್ಲಿ ಎಬ್ಬಿಸಿದರೆ ಅಂಗೈಯಗಲ ಕಿತ್ತು ಬಂತು. ಅದರಡಿ ಪದರ ಪದರವಾಗಿ ತುಕ್ಕು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ, ಹಣ್ಣಾದ ಪಪ್ಪಾಯಿಯೊಳಗೆ ಹೋದ ಹಾಗೆ ಸಲೀಸಾಗಿ ಒಳಗೆ ಹೋಯಿತು. ಬಲಗಡೆಯದಕ್ಕೆ ಅಲ್ಲಲ್ಲಿ ಕಲ್ಲು ಸಿಡಿದ ಗಾಯ, ಕೆಳಮೈಗೆ ಒಂದಿಷ್ಟು ಕಂದು ಬಣ್ಣ, ಅಷ್ಟೇ. ಒಂದೇ ದಿನ ಹಾಕಿಸಿದ ಜೋಡಿ, ಓಡಿದ್ದು ಒಂದೇ ರಸ್ತೆ, ನೆನೆದದ್ದು ಒಂದೇ ಮಳೆ. ಒಂದಕ್ಕೆ ಮಾತ್ರ ಈ ಗತಿ ಏಕೆ?

ಶಿವಮೊಗ್ಗದ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಒಂಟಿ ಕೊಡುವುದಿಲ್ಲವಂತೆ, ಜೋಡಿಗೆ 14,500 ರೂಪಾಯಿ. ಜೊತೆಗೆ ಮುಂದಕ್ಕೊಂದು ಕ್ರ್ಯಾಷ್ ಗಾರ್ಡ್ ಹಾಕಿಸಿಕೊಳ್ಳಿ ಎಂದು ಬೇರೆ ಒತ್ತಾಯ. ಅದಕ್ಕೆ ಅವಕಾಶ ಕೊಡಬೇಡಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದದ್ದು ಆತನಿಗೆ ಗೊತ್ತಿಲ್ಲದೆ ಇರಲಾರದು. ನಮ್ಮೂರಿನ ವೆಲ್ಡಿಂಗ್ ಅಂಗಡಿಯವನು, ‘ತೂತಿಗೊಂದು ತಗಡು ಹಚ್ಚಿ, ಪುಟ್ಟಿ ತುಂಬಿ, ಬಣ್ಣ ಹೊಡೆದು ಕೊಡುತ್ತೇನೆ, 800 ಕೊಡಿ’ ಎನ್ನುತ್ತಾನೆ. ನನಗೆ ಗ್ರೈಂಡರ್ ಹಿಡಿದು ಅಭ್ಯಾಸವಿದೆ, ಮನೆಯ ಗೇಟಿಗೆ ನಾನೇ ಬಣ್ಣ ಹೊಡೆದವನು. ಏನು ಮಾಡಲಿ?

ಗ್ಯಾರೇಜ್ ಮೇಷ್ಟ್ರು (ಹುಬ್ಬಳ್ಳಿ)

ತೋಟದ ಯಜಮಾನರೇ, 800 ರೂಪಾಯಿಯ ತಗಡನ್ನು ಮೊದಲು ಮರೆತುಬಿಡಿ. ಪುಟ್ಟಿ ತುಂಬಿದ ಪೈಪಿನ ಮೇಲೆ ತಾಯಿಯನ್ನು ಹತ್ತಿಸುತ್ತೀರಾ?

ಒಂದು ಸಣ್ಣ ಸುತ್ತಿಗೆ ತೆಗೆದುಕೊಂಡು ಎರಡೂ ಪೈಪುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೇಣಿಗೊಂದು ಏಟಿನಂತೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ತಿಂದಲ್ಲಿ ಸದ್ದು ಸಾಯುತ್ತದೆ. ಬ್ರಾಕೆಟ್ ಬೆಸುಗೆಯ ಸುತ್ತ ಸದ್ದು ಸತ್ತಿದ್ದರೆ ಆ ಪೈಪು ಗುಜರಿಗೆ, ಎರಡನೆಯ ಮಾತಿಲ್ಲ. ಇವು ಹೊರಗಿನಿಂದ ಕೊಳೆಯುವುದಕ್ಕಿಂತ ಒಳಗಿನಿಂದ ಕೊಳೆಯುವುದೇ ಹೆಚ್ಚು. ತುದಿಯ ಮುಚ್ಚಳದ ಸಂದಿನಲ್ಲಿ ಕೆಸರು ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಕಣ್ಣಿಗೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ.

ಬಲಗಡೆಯದು ಗಟ್ಟಿ ಇದ್ದರೆ ಅದನ್ನು ನೀವೇ ಉಳಿಸಿಕೊಳ್ಳಬಹುದು. ಆದರೆ ಗಾಡಿಯಲ್ಲೇ ಇಟ್ಟುಕೊಂಡು ಬಣ್ಣ ಹೊಡೆಯಬೇಡಿ, ಬಿಚ್ಚಿ. ಬಿಚ್ಚುವ ಎರಡು ದಿನ ಮೊದಲೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಹಲವು ಗಾಡಿಗಳಲ್ಲಿ ಚಾಸಿಯ ಒಳಬದಿಯ ನಟ್ಟು ಬೆಸುಗೆ ಹಾಕಿದ್ದಿರುತ್ತದೆ. ಅವಸರದಲ್ಲಿ ಎಳೆದು ಬೋಲ್ಟು ಅಲ್ಲೇ ಮುರಿದರೆ ಅರ್ಧ ದಿನದ ಕೆಲಸ ಮೂರು ದಿನಕ್ಕೆ ಹೋಗುತ್ತದೆ. ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ಹಾಗೆ ಆಡಿಸುತ್ತಾ ತೆಗೆಯಿರಿ.

ಆಮೇಲೆ ವೈರ್ ಬ್ರಷ್. ಕನ್ನಡಕ ಹಾಕಿಕೊಳ್ಳದೆ ಗ್ರೈಂಡರ್ ಹಿಡಿಯಬೇಡಿ. ಆ ತಂತಿಯ ತುಂಡು ಕಣ್ಣಿಗೆ ಬಿದ್ದು ಆಸ್ಪತ್ರೆಗೆ ಓಡಿದ ಹುಡುಗನನ್ನು ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದೇನೆ. 80ರ ಉಪ್ಪುಕಾಗದದಲ್ಲಿ ಉಜ್ಜಿ, ಹಳೆಯ ಬಣ್ಣದ ಅಂಚು ಬೆರಳಿಗೆ ತಾಗದಷ್ಟು ಇಳಿಜಾರಾಗುವವರೆಗೆ 180ರಲ್ಲಿ ಸವರಿ. ಥಿನ್ನರ್‌ನಲ್ಲಿ ಒರೆಸಿ. ಸೀಮೆಎಣ್ಣೆಯಲ್ಲಿ ಒರೆಸಿದರೆ ಜಿಡ್ಡು ಉಳಿಯುತ್ತದೆ, ಬಣ್ಣ ಹಿಡಿಯುವುದಿಲ್ಲ. ಉಜ್ಜಿ ಬೆಳ್ಳಗಾದ ಕಬ್ಬಿಣವನ್ನು ರಾತ್ರಿಯಿಡೀ ಹಾಗೇ ಬಿಟ್ಟರೆ ನಿಮ್ಮೂರಿನ ಥಂಡಿಗೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪಗಾಗುತ್ತದೆ. ಅಂದೇ ಪ್ರೈಮರ್ ಬೀಳಬೇಕು. ಗೇಟಿನ ರೆಡ್ ಆಕ್ಸೈಡ್, ಎನಾಮೆಲ್ ಇದಕ್ಕೆ ಸಾಲದು. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಕಪ್ಪು ಬಣ್ಣ. ಪಿಯು ಸಿಂಪಡಿಸುವಾಗ ಸರಿಯಾದ ಮಾಸ್ಕ್ ಬೇಕು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಆಗದು.

ಕಡಲತಡಿ (ಕುಂದಾಪುರ)

ಸ್ಟೇನ್‌ಲೆಸ್ ಹಾಕಿಸಿ ಎಂದು ಯಾರಾದರೂ ಹೇಳುವ ಮೊದಲು ನನ್ನ ಕಥೆ ಕೇಳಿ. ಮೂರು ವರ್ಷದ ಹಿಂದೆ ನಾನು ಸ್ಟೇನ್‌ಲೆಸ್ ಪೈಪಿನದು ಮಾಡಿಸಿದೆ. ಮದುವೆ ಮನೆಯ ಕೊಳದಪ್ಪಲೆಯ ಹಾಗೆ ಹೊಳೆಯುತ್ತಿತ್ತು. ಎರಡನೆಯ ಮಳೆಗಾಲ ಮುಗಿಯುವಾಗ ಮೈತುಂಬಾ ಚಹಾ ಚೆಲ್ಲಿದಂಥ ಕಲೆ. ಮಾಡಿಕೊಟ್ಟವರು ಬಾಯಲ್ಲಿ 304 ಗ್ರೇಡ್ ಎಂದು ಹೇಳಿ ಹಾಕಿದ್ದು 202. ಇದರಲ್ಲಿ ನಿಕ್ಕಲ್ ಕಡಿಮೆ, ಅಗ್ಗ, ಕಡಲ ಗಾಳಿಗೆ ತಾಳುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿದರೂ ವ್ಯತ್ಯಾಸ ತಿಳಿಯದು. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳದೆ ಹಣ ಎಣಿಸಬೇಡಿ.

ಇನ್ನೊಂದು ವಿಷಯ, ಹೊಳೆಯುವ ಪೈಪಿಗೆ ಒದ್ದೆ ಚಪ್ಪಲಿ ಜಾರುತ್ತದೆ. ವಯಸ್ಸಾದವರು ಹತ್ತುವ ಗಾಡಿಗೆ ಅಗಲವಾದ, ಒರಟು ಪಟ್ಟಿ ಇರುವುದೇ ಬೇಕು.

ಸಿಂಗಾರ (ಶೃಂಗೇರಿ)

ನಾನೂ ಅಡಿಕೆಯವನೇ, ಅದಕ್ಕೇ ಕೇಳುತ್ತೇನೆ. ಔಷಧಿ ಹೊಡೆಯುವ ದಿನ ಮೈಲುತುತ್ತದ ಡ್ರಮ್ಮನ್ನು ಗಾಡಿಯ ಯಾವ ಮೂಲೆಗೆ ಇಡುತ್ತೀರಿ?

ತೋಟದಮನೆ

ಕ್ಯಾಬಿನ್ನಿನ ಹಿಂದೆ, ಎಡ ಮೂಲೆಗೆ. ಅಲ್ಲಿ ಹಗ್ಗ ಕಟ್ಟಲು ಕೊಂಡಿ ಇದೆ. ಸುಣ್ಣದ ಡ್ರಮ್ ಬಲಕ್ಕೆ. ತೋಟಕ್ಕೆ ಇಳಿಯುವ ಕಡೆಯ ತಿರುವಿನಲ್ಲಿ ಪ್ರತಿ ಸಲವೂ ಸ್ವಲ್ಪ ತುಳುಕುತ್ತದೆ...

ಅಯ್ಯೋ.

ಸಿಂಗಾರ

ಅಯ್ಯೋ ಎಂದಿರಲ್ಲ, ಅಲ್ಲಿಗೆ ಉತ್ತರ ಸಿಕ್ಕಿತು.

ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣ ಬೆರೆಸಿದ ಔಷಧಿ, ಹದವಾಗಿದೆಯೇ ಎಂದು ನೋಡಲು ನಮ್ಮಪ್ಪ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಿದ್ದರು. ನಿಮ್ಮ ಮನೆಯಲ್ಲೂ ಅದ್ದುತ್ತಿದ್ದಿರಬೇಕು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತುಕ್ಕಲ್ಲ, ತಾಮ್ರ. ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಬದಲಿಗೆ ಅಷ್ಟು ಕಬ್ಬಿಣ ಕರಗಿ ನೀರಿಗಿಳಿಯುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಸರಿಯಾಗಿ ಬೆರೆತ ಮೇಲೆ ಅದರ ಕಾಟ ಕಡಿಮೆ. ಆದರೆ ನೀವು ಗಾಡಿಯಲ್ಲಿ ಸಾಗಿಸುವುದು ಸುಣ್ಣ ಸೇರದ ಬರೀ ಮೈಲುತುತ್ತದ ನೀರು. ತುಳುಕಿದ್ದು ಕ್ಯಾಬಿನ್ನಿಗೂ ಟ್ರೇಗೂ ನಡುವಿನ ಸಂದಿನಲ್ಲಿ ಇಳಿದು ನೇರವಾಗಿ ಫುಟ್‌ಬೋರ್ಡಿನ ಹಿಂತುದಿಯ ಮೇಲೆ ಬೀಳುತ್ತಿದೆ. ಕಲ್ಲು ಸಿಡಿದು ಬಣ್ಣ ಹೋದ ಜಾಗ ಒಂದು ಸಿಕ್ಕರೆ ಸಾಕು ಅದಕ್ಕೆ. ಕೂತ ತಾಮ್ರ ಸುಮ್ಮನೆ ಕೂರುವುದೂ ಇಲ್ಲ, ಮಳೆ ನೀರು ಸೇರಿದಾಗ ಪಕ್ಕದ ಕಬ್ಬಿಣವನ್ನು ಇನ್ನೂ ಬೇಗ ತಿನ್ನಿಸುತ್ತದೆ. ಮಳೆಗಾಲಕ್ಕೆ ಎರಡು ಸಲವಾದರೂ ಔಷಧಿ, ಎಷ್ಟು ವರ್ಷದಿಂದ, ಲೆಕ್ಕ ಹಾಕಿಕೊಳ್ಳಿ.

ಫುಟ್‌ಬೋರ್ಡ್ ಹಾಳಾಗಲಿ, ಅದು ಬದಲಿಸುವ ವಸ್ತು. ಗಾಡಿಯಡಿ ಮಲಗಿ ಅದೇ ಜಾಗದಲ್ಲಿ ಚಾಸಿ ನೋಡಿ. ಚಾಸಿಯ ಪಕ್ಕದಲ್ಲಿ ಬ್ರೇಕ್ ಪೈಪು ಹಾಯ್ದಿದ್ದರೆ ಅದನ್ನೂ ನೋಡಿ. ಇಂದೇ.

ಗ್ಯಾರೇಜ್ ಮೇಷ್ಟ್ರು

ಶೃಂಗೇರಿಯವರೇ, ಮೂವತ್ತು ವರ್ಷ ಗ್ಯಾರೇಜು ನಡೆಸಿದ್ದೇನೆ, ಈ ಪ್ರಶ್ನೆ ನನಗೆ ಹೊಳೆಯಲಿಲ್ಲ. ನಮ್ಮ ಕಡೆ ಗಾಡಿಗಳಲ್ಲಿ ಬರುವುದು ಹತ್ತಿ, ಮೆಣಸಿನಕಾಯಿ, ಈರುಳ್ಳಿ.

ಯಜಮಾನರೇ, ಜಾಕ್ ಒಂದನ್ನೇ ನಂಬಿ ಗಾಡಿಯಡಿ ಹೋಗಬೇಡಿ. ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಕೊಟ್ಟು ಹೋಗಿ.

ಹಿಮದೂರು (ಮಿಷಿಗನ್)

ನಿಮ್ಮ ಮೈಲುತುತ್ತದ ಕೆಲಸವನ್ನು ಇಲ್ಲಿ ಉಪ್ಪು ಮಾಡುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಸುರಿಯುತ್ತಾರೆ. ನನ್ನ ಹಳೆಯ ಪಿಕಪ್ಪಿನ ಫುಟ್‌ಬೋರ್ಡ್ ಏಳನೆಯ ಚಳಿಗಾಲಕ್ಕೆ ಕಾಲಡಿಯಲ್ಲೇ ಮುರಿಯಿತು. ಕೈಯಲ್ಲಿ ಎರಡು ಚೀಲ ದಿನಸಿ ಇತ್ತು, ಮೊಟ್ಟೆ ಹೋಯಿತು, ಕಾಲು ಉಳಿಯಿತು. ಹೊಸದನ್ನು ಹಾಕುವ ಮೊದಲು ಪೈಪಿನ ಕೆಳಮೈಯಲ್ಲಿ, ಎರಡೂ ತುದಿಗೆ ಹತ್ತಿರ ಒಂದೊಂದು ಸಣ್ಣ ರಂಧ್ರ ಕೊರೆದು, ಒಳಗೆ ಉಣ್ಣೆ ಜಿಡ್ಡಿನ ಎಣ್ಣೆ ಸಿಂಪಡಿಸಿದೆ. ಪ್ರತಿ ಅಕ್ಟೋಬರಿಗೆ ಮತ್ತೊಮ್ಮೆ. ಕುರಿಯ ವಾಸನೆ ಬರುತ್ತದೆ ಎಂದು ಮನೆಯವರ ಗೊಣಗಾಟವಿದೆ, ಪೈಪು ಮಾತ್ರ ಚೆನ್ನಾಗಿದೆ.

ಒಂದು ಅಧಿಕಪ್ರಸಂಗದ ಪ್ರಶ್ನೆ: ತುಕ್ಕನ್ನು ಕಪ್ಪಾಗಿಸಿ ನಿಲ್ಲಿಸುವ ಕೆಲವು ದ್ರಾವಣಗಳಲ್ಲಿ ಇರುವುದು ಟ್ಯಾನಿನ್. ಅಡಿಕೆ ಬೇಯಿಸಿದ ಚೊಗರಿನಲ್ಲೂ ಅದೇ ಅಲ್ಲವೇ?

ತೋಟದಮನೆ

ಚೊಗರು ತಾಗಿದ ಕತ್ತಿ ಕಪ್ಪಾಗುವುದನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ನಿಮ್ಮ ತರ್ಕ ಸರಿ. ಆದರೆ ಕಪ್ಪಾದ ಕತ್ತಿಯೂ ಮೂಲೆಯಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಚೊಗರು ಅಡಿಕೆಗೇ ಇರಲಿ.

ನಿನ್ನೆ ಗಾಡಿಯಡಿ ಮಲಗಿ ನೋಡಿದೆ. ಚಾಸಿಯ ಮೇಲೆ ಎರಡು ಗೇಣು ಉದ್ದಕ್ಕೆ ಬಣ್ಣ ಹೋಗಿದೆ, ಸುತ್ತಿಗೆ ತಟ್ಟಿದರೆ ಗಟ್ಟಿಯಾಗಿದೆ. ಬ್ರೇಕ್ ಪೈಪಿನ ಮೇಲೆ ಒಂದು ಕಡೆ ನೀಲಿ-ಹಸಿರು ಪುಡಿ ಅಂಟಿತ್ತು, ಒರೆಸಿದಾಗ ಅಡಿಯಲ್ಲಿ ಕಚ್ಚುಗಳು. ಮೆಕ್ಯಾನಿಕ್‌ಗೆ ತೋರಿಸಿದೆ. ಆತ ಮಾತಾಡದೆ ಹೊಸ ಪೈಪು ಹಾಕಿದ. ಸಿಂಗಾರ ಅವರೇ, ನಿಮ್ಮ ಆ ಒಂದು ಪ್ರಶ್ನೆಗೆ ಏನು ಕೊಟ್ಟರೂ ಕಡಿಮೆ. ಈ ಕಡೆ ಬಂದಾಗ ಊಟಕ್ಕೆ ಬರಲೇಬೇಕು.

ತೋಟದಮನೆ (ಮೂರು ವಾರದ ನಂತರ)

ಕೆಲಸ ಮುಗಿಯಿತು, ಆದದ್ದನ್ನು ಬರೆಯುತ್ತೇನೆ.

ಎಡಗಡೆಯದಕ್ಕೆ ಶಿವಮೊಗ್ಗದ ಗುಜರಿಯಲ್ಲಿ, ಬಲಬದಿಗೆ ಗುದ್ದಿಸಿಕೊಂಡು ಬಂದಿದ್ದ ನಮ್ಮದೇ ಮಾದರಿಯ ಗಾಡಿ ಸಿಕ್ಕಿತು. ಎಡಗಡೆಯ ಪೈಪು, ಬ್ರಾಕೆಟ್ ಸಮೇತ, 1,800 ರೂಪಾಯಿ. ಸುತ್ತಿಗೆ ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದೆ. ಗುಜರಿಯವನು, ‘ಏನು ಸ್ವಾಮಿ, ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆ ನೋಡುತ್ತೀರಲ್ಲ’ ಎಂದ.

ಎರಡನ್ನೂ ಒಂದೇ ಬಣ್ಣಕ್ಕೆ ತರಲು ಪೌಡರ್ ಕೋಟಿಂಗ್ ಮಾಡಿಸುವುದೇ ಸರಿ ಎನಿಸಿತು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಒಯ್ದೆ. ಸತುವಿನಲ್ಲಿ ಅದ್ದಿಸಿದರೆ ಹೇಗೆ ಎಂದು ಅಲ್ಲಿನ ಹಿರಿಯ ಕೆಲಸಗಾರರನ್ನು ಕೇಳಿದೆ. ಸುಮಾರು 450 ಡಿಗ್ರಿಯ ಕರಗಿದ ಸತುವಿಗೆ ಬಾಯಿ ಮುಚ್ಚಿದ ಪೈಪು ಹಾಕಿದರೆ ಒಳಗಿನ ಗಾಳಿ, ನೀರಿನ ಪಸೆ ಉಬ್ಬಿ ಪೈಪೇ ಸಿಡಿಯುತ್ತದೆ, ಮೊದಲೇ ದೊಡ್ಡ ರಂಧ್ರಗಳನ್ನು ಬಿಡಬೇಕು ಎಂದರು. ಪೌಡರ್ ಕೋಟಿಂಗಿನ ಒಲೆಯದು ಇನ್ನೂರು ಡಿಗ್ರಿಯೊಳಗೆ. ಅದಕ್ಕೂ ಒಳಗಿನ ಕೊಳೆ ಪೂರ್ತಿ ಹೋಗಿರಬೇಕು, ಇಲ್ಲದಿದ್ದರೆ ಕಾದಾಗ ಜಿಡ್ಡು ಹೊರಗೆ ಬಂದು ಬಣ್ಣದಲ್ಲಿ ಗುಳ್ಳೆ ಏಳುತ್ತದೆಯಂತೆ. ಮನೆಗೆ ತಂದು ಮುಚ್ಚಳ ಕಿತ್ತು ನಮ್ಮ ಬಲಗಡೆಯ ಪೈಪನ್ನು ನೆಟ್ಟಗೆ ನಿಲ್ಲಿಸಿ ಕುಟ್ಟಿದೆ. ಮೊದಲು ಕೆಸರಿನ ಹೆಂಟೆ, ಆಮೇಲೆ ಅಡಿಕೆ ಸಿಪ್ಪೆಯ ನಾರು, ಕೊನೆಗೆ ಬೆರಳುದ್ದದ ಒಂದು ಕಣಜದ ಮಣ್ಣಿನ ಗೂಡು, ಒಂದು ಚೂರೂ ಮುಕ್ಕಾಗದೆ. ಮಗಳು ಅದನ್ನು ಶಾಲೆಗೆ ಒಯ್ದಿದ್ದಾಳೆ.

ರಂಧ್ರಗಳನ್ನು ಬಣ್ಣಕ್ಕೆ ಮೊದಲೇ ಕೊರೆದೆ. ಮರಳು ಸಿಡಿಸಿ ಸ್ವಚ್ಛ ಮಾಡಿ, ಕೋಟಿಂಗ್ ಮಾಡಿ, ಜೋಡಿಗೆ 2,600 ತೆಗೆದುಕೊಂಡರು. ಬೋಲ್ಟುಗಳಲ್ಲಿ ಒಂದು ಮುರಿಯಿತು. ಎಣ್ಣೆ ಬಿಡಲು ಮರೆತಿದ್ದು ಅದೊಂದಕ್ಕೇ, ಮೇಷ್ಟ್ರು ಬೈದರೆ ಬೈಸಿಕೊಳ್ಳುತ್ತೇನೆ.

ಮೈಲುತುತ್ತದ ಡ್ರಮ್ಮಿಗೆ ಈಗ ತಿರುಪಿನ ಮುಚ್ಚಳ ಬಂದಿದೆ, ಜಾಗವೂ ಹಿಂಬಾಗಿಲ ಬಳಿಗೆ ಬದಲಾಗಿದೆ. ಔಷಧಿಯ ದಿನ ಸಂಜೆ ಗಾಡಿಯ ಅಡಿಗೆಲ್ಲ ನೀರು ಬಿಡುವುದೆಂದು ಆಳುಗಳಿಗೂ ಹೇಳಿದ್ದೇನೆ.

ಫುಟ್‌ಬೋರ್ಡ್ ಇಲ್ಲದ ಆ ಮೂರು ವಾರ ಅಮ್ಮ ಹತ್ತಲೆಂದು ಅಡುಗೆಮನೆಯ ಕಾಲುಮಣೆಯನ್ನು ಗಾಡಿಯಲ್ಲೇ ಇಟ್ಟುಕೊಂಡಿದ್ದೆ. ನಿನ್ನೆ ಹೊಸ ಬಣ್ಣದ ಫುಟ್‌ಬೋರ್ಡ್ ತೋರಿಸಿ, ‘ಹತ್ತಮ್ಮ’ ಎಂದೆ. ಸೆರಗು ಸಿಕ್ಕಿಸಿಕೊಂಡು ಒಂದು ಕಾಲು ಎತ್ತಿದರು, ಇಳಿಸಿದರು. ‘ಇದು ಮೊದಲಿಗಿಂತ ಎತ್ತರ ಮಾಡಿದ್ದೀಯಾ?’ ಎಂದರು. ಅಳತೆ ಪಟ್ಟಿ ತಂದು ತೋರಿಸಿದೆ, ನೆಲದಿಂದ 17 ಇಂಚು, ಮೊದಲಿದ್ದಷ್ಟೇ. ಒಪ್ಪಲಿಲ್ಲ. ‘ಮಣೆ ಎಲ್ಲಿಟ್ಟೆ?’ ಎಂದು ಕೇಳಿ, ಮಣೆಯಿಂದ ಫುಟ್‌ಬೋರ್ಡಿಗೆ, ಫುಟ್‌ಬೋರ್ಡಿನಿಂದ ಸೀಟಿಗೆ ಏರಿ ಕುಳಿತರು.

ಗ್ಯಾರೇಜ್ ಮೇಷ್ಟ್ರು

ಎರಡು ಹಂತ ಸಿಕ್ಕಿದ ಮೇಲೆ ಒಂದಕ್ಕೆ ಯಾರು ಒಪ್ಪುತ್ತಾರೆ? ಮಣೆಯ ಅಡಿಗೆ ಹಳೆಯ ಟ್ಯೂಬಿನ ರಬ್ಬರ್ ಹೊಡೆಯಿರಿ, ಸಿಮೆಂಟ್ ಅಂಗಳದಲ್ಲಿ ಜಾರುವುದಿಲ್ಲ. ಬೋಲ್ಟುಗಳನ್ನು ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಮುರಿದ ಬೋಲ್ಟಿನ ಬಗ್ಗೆ ನಾನೇನೂ ಹೇಳುವುದಿಲ್ಲ.