ಉತ್ತರಾಣಿ, ಉತ್ತರಣೆ, ಉತ್ರಾಣಿ: ನಿಮ್ಮ ಕಡೆ ಯಾವುದು?

ಗೆಳೆಯರೇ,

ಬೇಲಿ ಬದಿಯಲ್ಲಿ ಬೆಳೆದು, ಹಾದುಹೋಗುವವರ ಪಂಚೆಗೂ ಸೀರೆಗೂ ಅಂಟಿಕೊಳ್ಳುವ ಉತ್ತರಾಣಿ ಗೊತ್ತಲ್ಲ, ಅದರ ಹೆಸರಿನ ಬಗ್ಗೆ ಕೇಳಬೇಕಿತ್ತು. ದಂಟಿನ ಕುಟುಂಬದ್ದೇ ಗಿಡ ಇದು. ಸಸ್ಯಶಾಸ್ತ್ರದಲ್ಲಿ ಅಕಿರಾಂಥಸ್ ಆಸ್ಪೆರಾ. ಬರಹದಲ್ಲಿ ಉತ್ತರಾಣಿ, ಉತ್ತರಣೆ ಎರಡೂ ಸಿಗುತ್ತವೆ. ಮಾತಿನಲ್ಲಿ ‘ಉತ್ರಾಣಿ’.

ಇದನ್ನು ‘ಉತ್ತರ’, ‘ಆಣಿ’ ಎಂದು ಬಿಡಿಸೋಣ ಅನ್ನಿಸುವುದು ಸಹಜ. ಆಣಿ ಅಂದರೆ ಮೊಳೆ, ಕಾಯಿಗೂ ಮುಳ್ಳಿದೆ, ಹೊಂದುತ್ತದೆ ಅಲ್ವಾ? ಆದರೆ ನನಗೆ ಒಪ್ಪಿಗೆಯಿಲ್ಲ. ತೆಲುಗಿನಲ್ಲಿ ಇದೇ ಗಿಡ ‘ಉತ್ತರೇಣಿ’. ಅಲ್ಲಿ ಆಣಿ ಎಲ್ಲಿದೆ? ನಮ್ಮ ‘ಉತ್ತರಣೆ’ಯಲ್ಲೂ ಇಲ್ಲ. ಪದದ ಕೊನೆ ಹೀಗೆ ಬದಲಾಗುತ್ತಿರುವಾಗ ಒಂದೇ ರೂಪ ಹಿಡಿದು ಅರ್ಥ ಕಟ್ಟಬಾರದು. ತಮಿಳಿನ ‘ನಾಯುರುವಿ’, ಮರಾಠಿಯ ‘ಆಘಾಡಾ’ ಬೇರೆಯೇ ಪದಗಳು, ಅವು ನೆರವಿಗೆ ಬರುವುದಿಲ್ಲ.

ಸಂಸ್ಕೃತದ ಹೆಸರುಗಳಲ್ಲಿ ಈ ತೊಡಕಿಲ್ಲ, ಗಿಡವನ್ನು ಹತ್ತಿರದಿಂದ ನೋಡಿಯೇ ಇಟ್ಟಂತಿವೆ. ‘ಖರಮಂಜರಿ’ ಅಂದರೆ ಒರಟು ತೆನೆ. ಲ್ಯಾಟಿನ್ನಿನ ‘ಆಸ್ಪೆರಾ’ ಕೂಡ ಒರಟು ಅಂತಲೇ. ‘ಪ್ರತ್ಯಕ್‌ಪುಷ್ಪಿ’ ಅಂದರೆ ಹಿಮ್ಮುಖ ಹೂವಿನದು. ತೆನೆಯ ತುದಿಯಲ್ಲಿ ಮೊಗ್ಗು ಮೇಲ್ಮುಖವಾಗಿರುತ್ತದೆ. ಹೂ ಅರಳಿ ಕಾಯಿ ಕಟ್ಟುವಾಗ ಕೆಳಕ್ಕೆ ತಿರುಗಿ ಕಡ್ಡಿಗೆ ಒತ್ತಿಕೊಳ್ಳುತ್ತದೆ. ಬುಡದಿಂದ ಮೇಲಕ್ಕೆ ಸವರಿ ನೋಡಿ, ಚುಚ್ಚುತ್ತದೆ. ಹೆಚ್ಚು ಕೇಳಿಬರುವ ‘ಅಪಾಮಾರ್ಗ’ ಮಾತ್ರ ಗುಣದ ಮೇಲೆ ಬಂದದ್ದು: ಒರೆಸಿ ತೆಗೆಯುವುದು ಎಂಬ ಅರ್ಥ. ಅಥರ್ವವೇದದಲ್ಲೇ ಇದೆ.

ಬಳಕೆಯಲ್ಲೂ ಎರಡು ಹೆಸರು ಬೇರೆ ಬೇರೆ ದಾರಿ ಹಿಡಿದಿವೆ. ಗಣೇಶನ 21 ಪತ್ರೆಗಳಲ್ಲಿ, ಬುಧಗ್ರಹದ ಹೋಮಕ್ಕೆ ಹಾಕುವ ಸಮಿತ್ತಿನಲ್ಲಿ (ಕಡ್ಡಿಯಲ್ಲಿ) ಅಪಾಮಾರ್ಗ. ಉತ್ತರ ಕರ್ನಾಟಕದ ದೀಪಾವಳಿಯಲ್ಲಿ ಸಗಣಿಯಲ್ಲಿ ಮಾಡಿದ ಪಾಂಡವರ ಗೊಂಬೆಗಳಿಗೆ ಸಿಕ್ಕಿಸುವುದು ಉತ್ತರಾಣಿ ಕಡ್ಡಿ. ನರಕ ಚತುರ್ದಶಿಯ ಸ್ನಾನದಲ್ಲಿ ಅಪಾಮಾರ್ಗದ ಕೊಂಬೆಯನ್ನು ತಲೆಯ ಸುತ್ತ ತಿರುಗಿಸಬೇಕೆಂದು ಧರ್ಮಶಾಸ್ತ್ರ ಹೇಳುತ್ತದೆ. ಹಬ್ಬ ಒಂದೇ, ಗಿಡವೂ ಒಂದೇ. ಇದನ್ನು ಪೂಜೆಯ ಪುಸ್ತಕಗಳು ಆವರಣದಲ್ಲಾದರೂ ಹೇಳಿದರೆ ಎಷ್ಟೋ ಜನ ಅಪಾಮಾರ್ಗಕ್ಕಾಗಿ ಸುಮ್ನೆ ಹುಡುಕಾಡುವುದು ತಪ್ಪುತ್ತದೆ.

ನಿಮ್ಮಲ್ಲಿ ಹಿರಿಯರು ಈ ಗಿಡಕ್ಕೆ ಏನನ್ನುತ್ತಾರೆ? ದಯವಿಟ್ಟು ಜಿಲ್ಲೆಯ ಹೆಸರಿನ ಜೊತೆ ಬರೆಯಿರಿ. ಬಟ್ಟೆಗೆ ಅಂಟುವ ಆ ಕಾಯಿಗೆ ಬೇರೆ ಪದವಿದೆಯೇ? ಹಳೆಯ ವೈದ್ಯಗ್ರಂಥಗಳಲ್ಲಿ ‘ಉತ್ತರಣೆ’ ಕಂಡವರು ಆ ಸಾಲನ್ನು ಹಾಗೇ ಕೊಟ್ಟರೆ ಯಾವ ರೂಪ ಹಳೆಯದು ಎಂದು ನೋಡಬಹುದು.