ಪಿಂಚಣಿ ಕಮ್ಮಿ, ನಿದ್ದೆ ಜಾಸ್ತಿ

ನಮ್ಮ ಹರಟೆಗೆ ಮೂರೇ ಜನ. ಸಾಲವೆಲ್ಲ ತೀರಿಸಿ ಕೂತಿರುವ ನಿವೃತ್ತ ಮೇಷ್ಟ್ರು, ಸಂಬಳ ಕೈಗೆ ಬರುವ ಮೊದಲೇ ಕಂತಿಗೆ ಕೊಟ್ಟುಬಿಡುವ ಹುಡುಗ, ನಡುವೆ ನಲವತ್ತೇಳರ ನಾನು.

"ಮೇಷ್ಟ್ರೇ, ನಿಮ್ಮ ಪಿಂಚಣಿ ನನ್ನ ಸಂಬಳದ ಅರ್ಧವೂ ಇಲ್ಲ. ಮುಖದ ಕಳೆ ಮಾತ್ರ ಹೇಗಿದೆ ನೋಡಿ! ಏನು ಗುಟ್ಟು?" ಎಂದ ಹುಡುಗ.

"ಗುಟ್ಟೇನಿಲ್ಲ ಮಾರಾಯ. ನನ್ನ ಮಕ್ಕಳ ಫೀಸು ಕಟ್ಟಿ ಮುಗಿದಿದೆ. ಮೊಮ್ಮಕ್ಕಳ ಫೀಸು ಅವರಪ್ಪ ಕಟ್ಟುತ್ತಾನೆ. ಅದು ಏರಿದ ಸುದ್ದಿ ಕೇಳಿದ ದಿನ ನಿದ್ದೆ ಇನ್ನೂ ಚೆನ್ನಾಗಿ ಬರುತ್ತದೆ."

ನಾನು ಅಷ್ಟಿಷ್ಟು ಓದಿಕೊಂಡವನು, ಸುಮ್ನಿರಲಾಗಲಿಲ್ಲ. "ಆದಾಯ ಇಳಿದರೂ ವಯಸ್ಸಾದವರಿಗೇ ಹಣದ ವಿಷಯದಲ್ಲಿ ತೃಪ್ತಿ ಜಾಸ್ತಿ ಅಂತ ಎಷ್ಟೋ ಸಮೀಕ್ಷೆಗಳಲ್ಲಿ ಕಂಡಿದೆ. ಬ್ಲಾಂಚ್‌ಫ್ಲವರ್, ಆಸ್ವಾಲ್ಡ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 2008ರಲ್ಲಿ ಹಲವು ದೇಶಗಳ ಲೆಕ್ಕ ನೋಡಿ, ಬದುಕಿನ ಸಮಾಧಾನ ನಲವತ್ತರ ದಶಕದಲ್ಲಿ ತಳ ಮುಟ್ಟಿ ಆಮೇಲೆ ಏರುತ್ತದೆ ಎಂದರು."

"ಅಂದ್ರೆ ಈಗ ತಳದಲ್ಲಿರೋದು ನೀವು!"

ಮೇಷ್ಟ್ರು ನಕ್ಕಿದ್ದು ಅಗತ್ಯಕ್ಕಿಂತ ಜಾಸ್ತಿಯಾಯಿತು.

"ಹಾಗಾದರೆ ನಾನೂ ಸುಮ್ನೆ ಮುದುಕನಾದರೆ ಸಾಕು, ಅಲ್ವಾ?" ಎಂದ ಹುಡುಗ.

"ಅಲ್ಲೇ ಇರೋದು ಕಿತಾಪತಿ. ಮೇಷ್ಟ್ರು ನೆಮ್ಮದಿಯಾಗಿರುವುದು ವಯಸ್ಸಾಯಿತೆಂದೋ, ಆ ಕಾಲದಲ್ಲಿ ಹುಟ್ಟಿದರೆಂದೋ? ಇವತ್ತು ನಿಮ್ಮಿಬ್ಬರನ್ನೂ ಕೂರಿಸಿ ಕೇಳಿದರೆ ಅದು ಗೊತ್ತಾಗುವುದಿಲ್ಲ. ಒಂದೇ ತಲೆಮಾರಿನವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕೇಳಬೇಕು. ಅವರದು ತಿಂಗಳಿಗಿಷ್ಟು ಎಂದು ಗೊತ್ತಾದ ಪಿಂಚಣಿ. ನಿನ್ನದು ಷೇರುಪೇಟೆ ಸೀನಿದರೆ ನೆಗಡಿಯಾಗುವ ನಿಧಿ. ನಿನಗೆ ಅವರ ವಯಸ್ಸೇನೋ ಬರುತ್ತದೆ, ಆದರೆ ಅವರ ಪಿಂಚಣಿಯೂ ಬರುತ್ತದೆ ಅಂತ ಯಾರು ಹೇಳಿದರು?"

ಹುಡುಗನ ಮುಖ ಸಪ್ಪಗಾಯಿತು. ಸಮಾಧಾನಕ್ಕೆಂದು ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞನ ಕಥೆ ತೆಗೆದೆ. 1974ರಲ್ಲಿ ಆತ ಹೇಳಿದ್ದು ಇಷ್ಟು: ಒಂದು ದೇಶದೊಳಗೆ ಹಣವಂತರು ಬಡವರಿಗಿಂತ ಖುಷಿಯಾಗಿರುತ್ತಾರೆ, ಆದರೆ ಇಡೀ ದೇಶವೇ ಸಿರಿವಂತವಾಗುತ್ತಾ ಹೋದರೂ ಖುಷಿ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಅರ್ಥಶಾಸ್ತ್ರಜ್ಞರ ಜಗಳ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು. ಎಲ್ಲರಿಗೂ ಏರಿದರೆ ಯಾರಿಗೂ ಏರಿದ ಹಾಗೆ ಅನಿಸುವುದಿಲ್ಲ ಎಂದೆ.

"ಸರಿ ಬಿಡಿ. ನನ್ನ ಸಂಬಳ ಏರಿಸೋದು ಬೇಡ. ಪಕ್ಕದ ಸೀಟಿನವನದ್ದು ಇಳಿಸಿದರೂ ನಡೆಯುತ್ತೆ!"

"ಛೇ, ಹೊಟ್ಟೆಕಿಚ್ಚು ಒಳ್ಳೇದಲ್ಲ" ಎಂದರು ಮೇಷ್ಟ್ರು. "ನನ್ನ ವಯಸ್ಸಿಗೆ ಅದೆಲ್ಲ ತಾನಾಗಿ ಉದುರಿಹೋಗುತ್ತದೆ."

ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು. ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ಅಕ್ಷರ ಹಿಗ್ಗಿಸಿ ಓದಿದರು. ಮತ್ತೆ ಹಿಗ್ಗಿಸಿದರು. ಅಂಕಿ ಬದಲಾಗಲಿಲ್ಲ.

"ಏನಾಯ್ತು ಮೇಷ್ಟ್ರೇ?"

"ನನಗಿಂತ ಎರಡು ವರ್ಷ ಜೂನಿಯರ್ ಕಣಯ್ಯ ಅವನು! ಅವನಿಗೆ ಹೇಗೆ ಜಾಸ್ತಿ ಬಂತು?"