ಅಪ್‌ಡೇಟ್: ಬಂಡೆಯಡಿಯ ಕಿತ್ತಳೆ ಪದರ ಸ್ಪಂಜೇ!
ಸಮುದ್ರದ ಬಂಡೆಯಡಿ ಅಂಟಿದ್ದ ಕಿತ್ತಳೆ ಪದರ ಸ್ಪಂಜೋ, ಗುಂಪಾಗಿ ಬೆಳೆಯುವ ಅಸಿಡಿಯನ್ನೋ (ಬಂಡೆಗೆ ಅಂಟಿಕೊಂಡು ಬದುಕುವ, ಚೀಲದಂಥ ಸಮುದ್ರಜೀವಿ) ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಇಳಿತದ ಹೊತ್ತಿಗೆ ಮತ್ತೆ ಹೋಗಿ, ನೀರೊಳಗಿದ್ದ ಭಾಗವನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ದೊಡ್ಡ ತೂತುಗಳು ಹಾಗೇ ತೆರೆದಿದ್ದವು. ಅಸಿಡಿಯನ್ ಆಗಿದ್ದರೆ ತಟ್ಟನೆ ಮುಚ್ಚಿಕೊಳ್ಳುತ್ತಿತ್ತು, ಅಲ್ವಾ?

ಆದರೂ ಅನುಮಾನ. ನೀವು ಹೇಳಿದಂತೆ ಅಕ್ಕಿಕಾಳಿನಷ್ಟು ಚೂರನ್ನು ಬ್ಲೀಚ್‌ನಲ್ಲಿ ಹಾಕಿಟ್ಟೆ. ಮೆತ್ತನೆಯದೆಲ್ಲ ಕರಗಿ ತಳದಲ್ಲಿ ಬಿಳಿ ಪುಡಿ ಉಳಿಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಾಜಿನ ಗುಂಡುಸೂಜಿಗಳು! ಒಂದು ತುದಿ ಚೂಪು, ಇನ್ನೊಂದಕ್ಕೆ ಪುಟ್ಟ ಗುಂಡು ತಲೆ. ನಾಲ್ಕೈದು ಸಲ ನೀರಲ್ಲಿ ಚೆನ್ನಾಗಿ ತೊಳೆದು ವಿನೆಗರ್ ಬಿಟ್ಟೆ (ಬ್ಲೀಚ್ ಉಳಿದಿದ್ದರೆ ಬೇಡವೇ ಬೇಡ, ವಿಷಗಾಳಿ ಏಳುತ್ತದೆ). ಗುಳ್ಳೆ ಬರಲಿಲ್ಲ. ಅಂದರೆ ಸುಣ್ಣದ್ದಲ್ಲ, ಸಿಲಿಕಾದ್ದು (ಗಾಜಿನ ಮೂಲವಸ್ತು): ಸ್ಪಂಜಿನ ಮೈಗೆ ಆಧಾರವಾಗಿರುವ ಸೂಜಿಗಳೇ.

ಜಾತಿ ಇನ್ನೂ ಪತ್ತೆಯಾಗಿಲ್ಲ. ಸುಮ್ನೆ ಬಣ್ಣ ನೋಡಿ ಹೆಸರಿಡುವುದನ್ನಂತೂ ಬಿಟ್ಟೆ. ಬರಿಗೈಲಿ ಮುಟ್ಟಿದ ಬೆರಳು ಮಾತ್ರ ಇನ್ನೂ ತುರಿಸುತ್ತಿದೆ.